ಎರಡನೇ ಭಾಗ

ವಿಭೂತಿಯ ವಾಸನೆ ಬಂದರೆ ನನಗೆ ಈಗಲೂ ತ್ರೀಡಿ ಕನ್ನಡಕ ನೆನಪಾಗುತ್ತದೆ.

ಕಾಯಿಲೆ ಬಿದ್ದಿದ್ದ ಅಮ್ಮ ಆ ಬೆಳಿಗ್ಗೆ ಏಳಲೇ ಇಲ್ಲ. “ಮಗಾ ನೋಡೋದ್ ಬ್ಯಾಡ, ಎಲ್ಲಿಗಾದ್ರೂ ಕರ್ಕೊಂಡೋಗ್ಲಾ” ಎಂದು ಅಜ್ಜಿ ಗದರಿದಳು. ಅಮ್ಮನ ತಮ್ಮ, ನನ್ನ ಮಾವ, ಗುಬ್ಬಿಯಿಂದ ತುಮಕೂರಿಗೆ ಕರೆದೊಯ್ದು ಕಾರ್ಟೂನ್ ಸಿನಿಮಾದ ಎರಡನೇ ಭಾಗ ತೋರಿಸಿದ. ಮೊದಲನೆಯದನ್ನು ಅಮ್ಮನ ಜೊತೆ ನೋಡಿದ್ದೆ. ಅದರಲ್ಲಿ ಡ್ರ್ಯಾಗನ್ ಮರಿಯ ತಾಯಿ ಸತ್ತಿತ್ತು. ಇದರಲ್ಲಿ ಕೊನೆಗೆ ಎದ್ದು ಬಂತು. ಮಾವ ಕನ್ನಡಕ ತೆಗೆದು ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ನಾವು ಮನೆಗೆ ಬರುವಷ್ಟರಲ್ಲಿ ಅಮ್ಮನನ್ನು ಮಣ್ಣು ಮಾಡಿ ಬಂದಿದ್ದರು. ಒಳಗೆಲ್ಲ ವಿಭೂತಿಯ ವಾಸನೆ. ಗೋಡೆಗೆ ಒರಗಿಸಿದ್ದ ಅವಳ ಮಂಚದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸಿನಿಮಾ ಹೆಂಗಿತ್ತವ್ವಾ?” ಎಂದಳು ಅಜ್ಜಿ.

“ಹಾರೋದು ಹೋದ್ಸಲಕ್ಕಿಂತ ಚೆನ್ನಾಗೈತೆ ಕಣಜ್ಜಿ, ತಮಾಷೆ ಕಮ್ಮಿ. ಅಮ್ಮ ವಾಪಸ್ ಬರೋದೂ ತುಂಬಾ ಲೇಟು” ಎಂದು ಹೇಳಿ, ನಾನು ಬಾಗಿಲಿಗೆ ಎದುರಾಗಿ ಕೂತೆ.