ಆರೋಪಿಯ ಕೊನೆಯ ಮಾತು

ಆರೋಪಿಯ ಕುರ್ಚಿಯಲ್ಲಿ ಡೀನ್ ಮೆದೆರ್‌ಬೆಕ್ ತಾವೇ ಹೋಗಿ ಕೂತಾಗ ಗ್ರಂಥಾಲಯದ ಕೋಣೆ ಗೊಳ್ಳೆಂದು ನಕ್ಕಿತು. ಬುರುಲ್ ನಗಲಿಲ್ಲ. ನಗದಿರುವುದನ್ನು ಯಾರಾದರೂ ಗಮನಿಸಿಯಾರು ಎಂದು ತಡವಾಗಿ ತುಟಿ ಅಗಲಿಸಿದಳು.

ಶಾಲೆಯಿಂದಲೂ ಎಲ್ಲರೂ ಆಡಿ ಬಂದ ಆಟವೇ ಇದು. ಕಾದಂಬರಿಯ ಪಾತ್ರವೊಂದನ್ನು ಕಟಕಟೆಗೆ ತರುವುದು. ಆರೋಪ ಹೊರಿಸಲು ಒಬ್ಬರು, ಸಮರ್ಥಿಸಲು ಒಬ್ಬರು, ತೀರ್ಪಿಗೆ ಒಬ್ಬರು. ತೀರ್ಪಿಗೆ ಮೊದಲು ಆರೋಪಿಗೆ ಕೊನೆಯ ಮಾತಿನ ಹಕ್ಕು. ಈ ಸಲ ನಾರಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎಳೆತಂದದ್ದು ಡೀನ್ ಶಬ್ದಾನ್ ಎಂಬ ಪಾತ್ರವನ್ನು. ಹೆಸರಿಲ್ಲದ ಒಂದು ವಿಶ್ವವಿದ್ಯಾಲಯದ ಆ ಕಥೆ ಚಳಿಗಾಲವಿಡೀ ಕಂತುಕಂತಾಗಿ ಎಲ್ಲರ ಫೋನಿಗೆ ಬಂದಿತ್ತು. ಬರೆದವರ ಹೆಸರಿನ ಜಾಗದಲ್ಲಿ ‘ಕಾಗೆ’ ಎಂದಷ್ಟೇ ಇತ್ತು.

ಆ ಕಾಗೆ ಬುರುಲ್. ಅದು ತನ್ನೊಬ್ಬಳಿಗೇ ಗೊತ್ತು ಎಂದು ಇವತ್ತು ಬೆಳಿಗ್ಗೆಯವರೆಗೂ ನಂಬಿದ್ದಳು.

ಬೆಳಿಗ್ಗೆ ಡೀನ್ ಅವಳ ಮೇಜಿನ ಬಳಿ ನಿಂತು, ಅವಳ ಬಟ್ಟಲಿನ ಒಣದ್ರಾಕ್ಷಿಯನ್ನು ಒಂದೊಂದೇ ಬಾಯಿಗೆ ಹಾಕಿಕೊಂಡಿದ್ದರು.

“ಕಾಗೆ ಗೂಡು ಸಿಕ್ತು, ತಂಗಿ. ನಮ್ಮ ಕಟ್ಟಡದಲ್ಲೇ ಇದೆ.”

“ಹೌದಾ, ಅಗಾಯ್?” ಮೇಷ್ಟ್ರನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆಯೇ.

“ಸಂಜೆ ಎಲ್ಲರೆದುರಿಗೂ ಹೆಸರು ಹೇಳ್ತೀನಿ. ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನೀವು ಇರಲೇಬೇಕು.”

ಮುಂದಿನ ವಾರ ಅಧ್ಯಾಪಕಿಯಾಗಿ ಅವಳ ನೇಮಕ ಮುಂದುವರಿಯಲು ಅವರ ಸಹಿ ಬೇಕು. ಸಹಿ ಬೀಳದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಅಧ್ಯಾಪಕರ ವಸತಿಯ ಕೋಣೆಯೂ ಇಲ್ಲ. ಮಾರ್ಚ್ ಬಂದರೂ ಹೊರಗೆ ನದಿ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಆ ಕೋಣೆಯಲ್ಲಿ ಅವಳ ಮಗಳು ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಪಾಠ ಓದುತ್ತ ಕೂತಿರುತ್ತಾಳೆ.

ಆರೋಪ ಹೊರಿಸಲು ಎದ್ದವಳು ಸೆಜಿಮ್. ಮೂರನೇ ವರ್ಷದ ಹುಡುಗಿ, ಬಾಯಿ ಜೋರು.

“ಆರೋಪಿ ಶಬ್ದಾನ್! ಪಾಸಿಗೆ ಒಂದು ಕುರಿ, ಫಸ್ಟ್ ಕ್ಲಾಸಿಗೆ ಒಂದು ಕುದುರೆ. ಒಪ್ತೀರಾ?”

“ಕುದುರೆ ಸುಳ್ಳು,” ಎಂದರು ಡೀನ್, ಮುಖ ಗಂಟಿಕ್ಕಿ. “ಕುದುರೆಮರಿ ಅಷ್ಟೆ. ಅದೂ ಬಡಕಲು.”

ಎಣ್ಣೆಯಲ್ಲಿ ಕರಿದ ಬೋರ್ಸೋಕ್ ತಿನ್ನುತ್ತಿದ್ದವರು ಕೆಮ್ಮಿಕೊಂಡು ನಕ್ಕರು.

“ವಿದ್ಯಾರ್ಥಿಗಳ ಸಂಶೋಧನೆಗೆ ನಿಮ್ಮ ಹೆಸರು ಹಾಕ್ಕೊಂಡಿದ್ದು?”

“ಅವರ ಹೆಸರಲ್ಲೇ ಬಂದಿದ್ರೆ ಯಾರು ಓದ್ತಿದ್ರು, ಮಗಳೇ?”

“ಅಯ್ಯೋ, ಅಗಾಯ್ ಪಾತ್ರದೊಳಗೇ ಹೋಗ್ಬಿಟ್ರು!” ಎಂದು ಹಿಂದಿನಿಂದ ಯಾರೋ ಕೂಗಿದರು.

ಡೀನ್ ಆಡಿದ ಆ ಮಾತು ಕಾದಂಬರಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಬುರುಲ್. ಹಾಗೆ ಅಂದುಕೊಂಡದ್ದು ಮುಖದ ಮೇಲೆ ಕಂಡಿತೇನೋ ಎಂದು ಮರುಕ್ಷಣವೇ ಹೆದರಿದಳು.

ಸಮರ್ಥಿಸಲು ಎದ್ದವನು ಆರ್ಗೆನ್. “ನನ್ನ ಕಕ್ಷಿದಾರ ಕಳ್ಳ, ಅದನ್ನ ನಾನೂ ಒಪ್ತೀನಿ. ಆದ್ರೆ ಅವನ ಕೈಕೆಳಗೇ ಕೆಲಸ ಮಾಡೋ ಆ ಅಕ್ಕ, ನಾಜಿಕ್ ಎಜೆ? ಕಣ್ಣೆದುರಿಗೇ ಎಲ್ಲ ನಡೆಯುತ್ತೆ. ನೋಡ್ತಾಳೆ, ಚಹಾ ಲೋಟ ತೊಳೀತಾಳೆ, ಮನೆಗೆ ಹೋಗ್ತಾಳೆ. ಶಬ್ದಾನ್‌ಗೆ ಆಸೆಯಾದ್ರೂ ಇದೆ. ಇವಳ ಹತ್ರ ಏನಿದೆ?”

“ತೊಳೆದ ಲೋಟ ಇದೆ!” ಎಂದಳು ಸೆಜಿಮ್.

“ಶಬ್ದಾನ್ ಜೊತೆ ಒಂದ್ಸಲ ಊಟ ಮಾಡ್ಬೋದು ಕಣೋ,” ಎಂದ ಇನ್ನೊಬ್ಬ. “ಇವಳ ಪಕ್ಕ ಬಸ್ಸಲ್ಲೂ ಕೂರಲ್ಲ ನಾನು.”

ನಗು ಗೋಡೆಯಿಂದ ಗೋಡೆಗೆ ಹೋಯಿತು. ನಾಜಿಕ್‌ಳನ್ನು ಬುರುಲ್ ಬರೆದದ್ದು ತನ್ನನ್ನೇ ನೋಡಿಕೊಂಡು. ಕಾದಂಬರಿಯಲ್ಲಿ ಎಲ್ಲರಿಗಿಂತ ಅಕ್ಕರೆಯಿಂದ ಕಾಪಾಡಿದ್ದೂ ಅವಳನ್ನೇ.

“ಅವಳಿಗೂ ಮಗು ಇದೆಯಲ್ಲ,” ಎಂದುಬಿಟ್ಟಳು.

ಸೆಜಿಮ್ ಹುಬ್ಬೇರಿಸಿದಳು. “ಯಾರಿಗೆ, ಎಜೆ? ನಾಜಿಕ್‌ಗೆ ಮಕ್ಕಳೇ ಇಲ್ಲ! ನೀವು ಓದಿದ್ದೀರೋ, ಸುಮ್ನೆ ಬಂದು ಕೂತಿದ್ದೀರೋ?”

ಮಗು ಇದ್ದದ್ದು ಬುರುಲ್ ಬರೆದ ಮೊದಲ ಕರಡಿನಲ್ಲಿ ಮಾತ್ರ. ಯಾರಿಗೂ ಕಳಿಸುವ ಮುನ್ನವೇ ಅದನ್ನು ಹೊಡೆದುಹಾಕಿದ್ದಳು.

“ಬೇರೆ ಯಾವುದೋ ಕಥೆ ಜೊತೆ ಸೇರಿಸ್ಕೊಂಡೆ,” ಎಂದಳು. ಎಲ್ಲರೂ ನಕ್ಕರು. ಕಟಕಟೆಯಲ್ಲಿದ್ದ ಡೀನ್ ಮಾತ್ರ ನಗದೆ, ಬೇಕಾದ ವಸ್ತು ಕೈಗೆ ಸಿಕ್ಕವರಂತೆ ಮೆಲ್ಲನೆ ತಲೆಯಾಡಿಸಿದರು.

ತೀರ್ಪು ಕೊಡಬೇಕಾಗಿದ್ದ ಗ್ರಂಥಪಾಲಕಿ ಮೇಜು ಕುಟ್ಟಿದರು. “ಆರೋಪಿಯ ಕೊನೆಯ ಮಾತು!”

ಹಿಂದಿನ ಸಾಲಿನಲ್ಲಿ ರಾಜಧಾನಿ ಬಿಷ್ಕೆಕ್‌ನ ಪ್ರಕಾಶಕಿಯೊಬ್ಬಳು ಫೋನ್ ಎತ್ತಿ ಹಿಡಿದಳು. ಕಾಗೆ ಮುಂದೆ ಬಂದರೆ ಕಾದಂಬರಿಯನ್ನು ಅಚ್ಚು ಹಾಕಿಸುತ್ತೇನೆಂದು ಇಷ್ಟು ದೂರ ಬಂದವಳು ಅವಳು.

ಡೀನ್ ಎದ್ದರು. “ಒಂದು ಪ್ರಶ್ನೆ ನೀವು ಯಾರೂ ಕೇಳಲೇ ಇಲ್ಲ, ಮಕ್ಕಳೇ. ಒಬ್ಬ ಡೀನನ ಹೊಲಸನ್ನ ಇಷ್ಟು ಹತ್ತಿರದಿಂದ ನೋಡಿದವರು ಯಾರು?”

ನಗು ನಿಂತಿತು. ಬುರುಲ್ ಮಡಿಲಲ್ಲಿದ್ದ ಕೋಟನ್ನು ಬಿಗಿಯಾಗಿ ಹಿಡಿದಳು. ಬಾಗಿಲು ಡೀನ್‌ರ ಬೆನ್ನ ಹಿಂದಿತ್ತು.

“ಆ ವ್ಯಕ್ತಿ ಇದೇ ಕೋಣೇಲಿ ಇದ್ದಾರೆ. ಕೆಲಸಕ್ಕೆ ಕುತ್ತು ಬರುತ್ತೆ ಅಂತ ಹೆದರಿ ಇಷ್ಟು ದಿನ ಬಚ್ಚಿಟ್ಕೊಂಡಿದ್ರು.”

ಮಾತಾಡುತ್ತಲೇ ಕೆಳಗಿಳಿದು ಬಂದರು. ಮುಂದಿನ ಸಾಲಿಗೆ ಬಂದು, ಬುರುಲ್‌ಳ ಪಕ್ಕದಲ್ಲೇ ನಿಂತು, ಅವಳ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. ಮಗಳಿಗೆ ಹೇಗೆ ಹೇಳುವುದು, ಮೊದಲು ಯಾವ ಸಾಮಾನು ಕಟ್ಟುವುದು ಎಂದು ಅವಳ ಮನಸ್ಸು ಆಗಲೇ ಆ ಕೋಣೆಯಲ್ಲಿ ಅಲೆಯುತ್ತಿತ್ತು.

“ಬಚ್ಚಿಟ್ಟಿದ್ದು ಸಾಕು,” ಎಂದರು ಡೀನ್. “ಕಾಗೆ ನಾನೇ. ನನ್ನನ್ನ ನಾನೇ ಗೇಲಿ ಮಾಡ್ಕೊಂಡೆ. ಸಾಕ್ಷಿ ಬೇಕಾದ್ರೆ ಇಲ್ಲೇ ಇದ್ದಾರೆ, ನನ್ನ ಕರಡು ಓದಿದವರು ಇವರೊಬ್ಬರೇ. ಅದರಲ್ಲಿ ನಾಜಿಕ್‌ಗೆ ಒಂದು ಮಗುವೂ ಇತ್ತು. ಅಲ್ವಾ, ತಂಗಿ?”

ಬುರುಲ್ ಎದ್ದು ನಿಂತಳು. “ಇತ್ತು, ಅಗಾಯ್,” ಎಂದಳು.