ಈ ನೆಲದವರು

ಮೂರನೆಯ ಸಲವೂ ಮುನೇಶ್ ಉಮೇರ್‌ನ ಹೆಸರು ಬಿಟ್ಟೇ ಪಟ್ಟಿ ಬರೆದ. ಬರೆದು, ಯಾರಾದರೂ ನೋಡಿದರೇನೋ ಎಂದು ಠಾಣೆಯೊಳಗೆ ಸುತ್ತ ಕಣ್ಣಾಡಿಸಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪೊಲೀಸನಾಗಿ ಅವನು ಕಳ್ಳನ ಹಾಗೆ ತಿರುಗಿ ನೋಡಿದ್ದು ಇದೇ ತಿಂಗಳು.

ಪಟ್ಟಿ ‘ಈ ನೆಲದವರು’ ಎಂಬ ಸಂಘಟನೆಯವರದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೇರಿಸಿ ಬೇರೆ ರಾಜ್ಯ ಕೊಡಿ, ಕೊಡದಿದ್ದರೆ ಭಾರತದ ಒಕ್ಕೂಟವೇ ಬೇಡ, ನಮ್ಮದು ನಮಗೆ ಎನ್ನುವವರು ಅವರು. ಹಾಲು, ತರಕಾರಿ, ರೇಷ್ಮೆ ಎಲ್ಲ ಬೆಂಗಳೂರಿಗೆ, ಬೆಂಗಳೂರು ಬಳಸಿ ಬಿಟ್ಟ ನೀರು ಮಾತ್ರ ನಮ್ಮ ಕೆರೆಗೆ ಎಂಬುದು ಅವರ ಭಾಷಣ. ಮೊದಮೊದಲು ಊರು ನಕ್ಕಿತು. ಆಮೇಲೆ ಗೋಡೆಗಳ ಮೇಲೆ ಬರಹ ಕಾಣಿಸಿಕೊಂಡಿತು. ಅದರ ಹಿಂದೆಯೇ ಮೇಲಿನಿಂದ ಆದೇಶ ಬಂತು: ಬೆಂಬಲಿಗರ ಹೆಸರು ಕಳಿಸಿ.

ಆ ಸಂಘಟನೆಯ ಸಭೆಯೊಂದರಲ್ಲಿ ಉಮೇರ್ ಮೈಕ್ ಹಿಡಿದು ಮೂರು ನಿಮಿಷ ಮಾತನಾಡಿದ್ದ. ಮನೆಯಲ್ಲಿ ಹೇಳದೆ ಬಂದಿದ್ದ. ಮಫ್ತಿಯಲ್ಲಿದ್ದ ಮುನೇಶ್ ಎದುರಿಗೇ ನಿಂತು ಕೇಳಿದ್ದ. ಈಗ ಅದೇ ಉಮೇರ್‌ಗೆ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತ್ತು. ಪೊಲೀಸ್ ವರದಿಯೊಂದು ಬಾಕಿ. ಪಟ್ಟಿಯಲ್ಲಿ ಹೆಸರು ಬಂದರೆ ಆ ಕೆಲಸ ಹೋದಂತೆಯೇ.

ಉಮೇರ್‌ನ ತಾಯಿ ಶಮ್ಸುನ್ನೀಸಾ ಮುನೇಶನ ಹಿಂದಿನ ಬೀದಿಯವಳು. ಗಂಡ ಸತ್ತ ಮೇಲೆ ರೇಷ್ಮೆಗೂಡು ಬೇಯುವ ಬಿಸಿನೀರಿಗೆ ಕೈಯಿಟ್ಟು ನೂಲು ತೆಗೆದೇ ಮಗನನ್ನು ಓದಿಸಿದಳು. ಬೆರಳ ತುದಿಗಳೆಲ್ಲ ಬಿಳಿಚಿಕೊಂಡು ಸೀಳಿದ್ದವು. ಮುನೇಶನ ಮಗಳು ಹರಿತಾಗೆ ಎರಡು ವರ್ಷ ಪುಕ್ಕಟೆ ಲೆಕ್ಕ ಹೇಳಿಕೊಟ್ಟವನು ಉಮೇರ್. ಹುಡುಗಿ ಪಾಸಾದ ದಿನ ಮುನೇಶ್ ಬಚ್ಚಲಲ್ಲಿ ನಿಂತು ಅತ್ತಿದ್ದ.

“ಉಮೇರ್ ಕಾಗ್ದ ಏನಾಯ್ತು ಮುನೇಶಪ್ಪ?” ಎಂದು ಶಮ್ಸುನ್ನೀಸಾ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು.

“ಆಗುತ್ತೆ ಆಪಾ. ನಾನಿದ್ದೀನಲ್ಲ.”

ಹೆಸರು ಬರೆಯುವ ಕೆಲಸಕ್ಕೆ ಸಬ್ ಇನ್ಸ್‌ಪೆಕ್ಟರ್ ಅಂಬರೀಶ್ ಒಂದು ಉಪಾಯ ಹೇಳಿಕೊಟ್ಟಿದ್ದರು. “ಸಂಘ, ಚಳವಳಿ ಅಂತೆಲ್ಲ ಬಾಯಿ ಬಿಡ್ಬೇಡಿ ಮುನೇಶ್. ಮನೆಮನೆಗೆ ಹೋಗಿ, ‘ನೀವು ಈ ನೆಲದೋರಾ?’ ಅಂತ ಕೇಳಿ, ಸಾಕು. ಆ ಕಡೆಯೋರಾದ್ರೆ ಅವರೇ ಹೌದು ಅಂತಾರೆ.”

ಮೊದಲ ವಾರ ಹೌದು ಎಂದವರು ಹನ್ನೊಂದು ಜನ. ಎರಡನೆಯ ವಾರ ಹೂ ಮಾರುವ ಕೊಂಡಮ್ಮನ ಬಾಗಿಲಲ್ಲಿ ಮುನೇಶನೇ ತಬ್ಬಿಬ್ಬಾದ.

“ಅವುನಪ್ಪ, ನಾನು ಈ ನೆಲದೋಳೇ. ನಮ್ಮತ್ತೆ, ನಮ್ಮತ್ತೆಯೋರತ್ತೆ ಎಲ್ಲಾ ಈ ನೆಲದೋರೇ. ಬರ್ಕೋ.”

“ಸ್ವಲ್ಪ ಯೋಚ್ನೆ ಮಾಡಿ ಹೇಳಮ್ಮ. ಇದು ಮೇಲಕ್ಕೆ ಹೋಗೋ ಪಟ್ಟಿ.”

“ಹೋಗ್ಲಿ ಬಿಡು. ಯಾರು ಬಂದು ಕೇಳಿದ್ರೂ ಇದನ್ನೇ ಹೇಳ್ತೀನಿ.”

ಅಲ್ಲಿಂದಾಚೆಗೆ ಜನರೇ ಅವನನ್ನು ಹುಡುಕಿಕೊಂಡು ಬಂದರು. ಸೈಕಲ್ ಅಂಗಡಿಯ ಅಮಾನುಲ್ಲಾ ನಡುರಸ್ತೆಯಲ್ಲಿ ಗಾಡಿಗೆ ಅಡ್ಡ ನಿಂತು ಮನೆಯ ಐವರ ಹೆಸರನ್ನೂ ತಂದೆಯ ಹೆಸರಿನ ಸಮೇತ ಬರೆಸಿದ. “ಒಂದಕ್ಷರ ತಪ್ಪಬಾರ್ದು ಸಾರ್” ಎಂದು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಓದಿಸಿಕೊಂಡ. ಪೊಲೀಸರ ಪಟ್ಟಿಗೆ ಹೆಸರು ತಿದ್ದಿಸಿ ಬರೆಸುವ ಜನರನ್ನು ಮುನೇಶ್ ಎಂದೂ ಕಂಡಿರಲಿಲ್ಲ. ಊರಿಗೆ ಊರೇ ಭಯ ಬಿಟ್ಟಿದೆ ಎಂದುಕೊಂಡ.

ಹನ್ನೊಂದು ತೊಂಬತ್ತಾರಾಯಿತು, ತೊಂಬತ್ತಾರು ನಾನೂರ ಹನ್ನೆರಡಾಯಿತು. ಬೇರೆ ಊರುಗಳಿಂದಲೂ ಇಂಥವೇ ಪಟ್ಟಿಗಳು ಬಂದವಂತೆ. ಪತ್ರಿಕೆಗಳು ಚಳವಳಿಗೆ ಬೆಂಬಲ ಹೆಚ್ಚುತ್ತಿದೆ ಎಂದು ಬರೆದವು. ಬಸ್ ನಿಲ್ದಾಣದ ಬಳಿ ಮೀಸಲು ಪಡೆಯ ವ್ಯಾನ್ ಬಂದು ನಿಂತಿತು.

ಪಟ್ಟಿ ನೋಡಿದ ಅಂಬರೀಶ್ ಕನ್ನಡಕ ತೆಗೆದಿಟ್ಟರು. “ಇಷ್ಟು ಜನಕ್ಕೆ ದೇಶಾನೇ ಬೇಡವಾಯ್ತೇನ್ರೀ? ನಾಳೆ ಬೆಳಿಗ್ಗೆ ಜಿಲ್ಲಾ ಕಚೇರಿಗೆ ಕಳಿಸ್ಬಿಡಣ. ಒಬ್ಬೊಬ್ಬರ ಮೇಲೂ ಕೇಸಾಗುತ್ತೆ.” ಮುನೇಶ್ ತಲೆಯಾಡಿಸಿದ. ನಾನೂರ ಹನ್ನೆರಡು ಜನರ ಪಾಪ ತನ್ನ ಕೈಬರಹದಲ್ಲೇ ಇದೆ ಎಂದು ಅವನಿಗೆ ಗೊತ್ತಿತ್ತು. ಒಬ್ಬನನ್ನಾದರೂ ಉಳಿಸಿದೆನಲ್ಲ ಎಂಬುದೊಂದೇ ಸಮಾಧಾನ. ಅದನ್ನೇ ಹಿಡಿದುಕೊಂಡು ಮನೆಗೆ ಹೋದ.

ಬೆಳಿಗ್ಗೆ ಠಾಣೆಗೆ ಬಂದಾಗ ಬೆಂಚಿನ ಮೇಲೆ ಶಮ್ಸುನ್ನೀಸಾ ಕುಳಿತಿದ್ದಳು. ಮಡಿಲಲ್ಲಿ ಕಾಗದ ತುಂಬಿದ ಪ್ಲಾಸ್ಟಿಕ್ ಕವರು. ಮುಖದಲ್ಲಿ ನೆಮ್ಮದಿ ಇತ್ತು. ಪಕ್ಕದ ಮೇಜಿನಲ್ಲಿ ಠಾಣೆಯ ಬರಹಗಾರ ದೊಡ್ಡ ಲಕೋಟೆಗೆ ಅರಗು ಹಾಕುತ್ತಿದ್ದ.

“ನೀನು ಮರ್ತ್‌ಬಿಟ್ಟಿದ್ದೆ ಕಣಪ್ಪ” ಎಂದಳು ಅವಳು, ಬೇಸರವಿಲ್ಲದೆ. “ಬೀದಿಯೋರದ್ದೆಲ್ಲ ಬಂದಿದೆ, ನನ್ನ ಮಗಂದೊಂದೇ ಬಿಟ್ಟೋಗಿದೆ ಅಂತ ಅಮಾನುಲ್ಲಾ ನಿನ್ನ ನೋಟ್‌ಬುಕ್ಕಲ್ಲಿ ನೋಡಿದ್ನಂತೆ, ಕೊಂಡಮ್ಮ ಹೇಳಿದ್ಳು. ಓಡಿ ಬಂದೆ. ಉಮೇರ್ ಕೂಡಾ ಈ ನೆಲದೋನೇ ಸಾಹೇಬ್ರೇ ಅಂದೆ. ಪಾಪ, ತಕ್ಷಣ ಬರ್ಕೊಂಡ್ರು.”

ಬರಹಗಾರ ತಲೆಯೆತ್ತದೆ ಹೇಳಿದ: “ನಾನೂರ ಹದಿಮೂರು.”

ಮುನೇಶ್ ಬೆಂಚಿನ ಕೊನೆಗೆ ಕುಳಿತ.

“ಆಪಾ, ಇದು ಯಾವ ಪಟ್ಟಿ ಅಂದ್ಕೊಂಡ್ರಿ?”

“ಊರಿಗೆಲ್ಲ ಗೊತ್ತಲ್ಲಪ್ಪ. ಇದ್ರಲ್ಲಿ ಹೆಸ್ರು ಇಲ್ದೋರ್ನ, ಈ ನೆಲದೋರಲ್ಲ ಅಂತ ದೇಶದಿಂದ ಆಚೆ ಹಾಕ್ತಾರಂತಲ್ಲ.”