ಮೂರನೇ ನಂಬರಿನ ಗಾಡಿ

"ನಿಮ್ಮ ಹೆಸರೇನಣ್ಣ?" ಎಂದು ಓಬಳಮ್ಮ ಕೇಳಿದಳು. ಗಂಗಹನುಮಯ್ಯ ಸುಳ್ಳು ಹೇಳಿದ.

"ಕಾಳಯ್ಯ ಅಂತ. ತುಮಕೂರಿಂದ ಬಂದೆ. ಬೊಂಬಾಯಿ ಸಾಹುಕಾರರೊಬ್ರು ಹಳೇ ರೇಸ್ ಕಾರು ಹುಡುಕ್ತಾವ್ರೆ. ಕೊತ್ತಗೆರೇಲಿ, ನಿಮ್ಮ ತೋಟದಲ್ಲಿ ಒಂದದೆ ಅಂದ್ರು."

ಆಕೆಯ ಕಣ್ಣು ಅವನ ಮುಖದಿಂದ ಇಳಿದು ಎಡಗೈಯ ಮೊಂಡು ಹೆಬ್ಬೆರಳ ಮೇಲೆ ಒಂದು ಗಳಿಗೆ ನಿಂತಿತು.

"ಸ್ಪ್ಯಾನರ್ ತಂದಿದೀರಾ?"

ಇದೆಂಥ ಪ್ರಶ್ನೆ! ಕಾರು ಕೊಳ್ಳಲು ಬಂದವನನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಂಗಹನುಮಯ್ಯ ಕಂಕುಳಿನ ಚೀಲವನ್ನು ಒತ್ತಿ ಹಿಡಿದ. ಸ್ಪ್ಯಾನರ್ ಅದರೊಳಗೇ ಇತ್ತು.

"ಬನ್ನಿ, ಕೊಬ್ಬರಿ ಕೋಣೇಲಿದೆ" ಎಂದು ಆಕೆ ಮುಂದೆ ನಡೆದಳು.

ಆ ಕಾರುಗಳ ಕಥೆ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತಮೂರರಲ್ಲಿ ಬೆಂಗಳೂರಿನ ಕಾರ್ಖಾನೆಯೊಂದು ಡ್ರ್ಯಾಗ್ ರೇಸಿಗೆಂದೇ, ಅಂದರೆ ಕಾಲು ಮೈಲಿ ನೇರ ಓಟಕ್ಕೆಂದೇ, ಕಟ್ಟಿದ್ದು ಮೂರೇ ಮೂರು ಗಾಡಿ. ಮೂರನೇ ನಂಬರಿನದನ್ನು ಓಡಿಸುತ್ತಿದ್ದವನು ಓಬಳಮ್ಮನ ಗಂಡ ವೆಂಕಟರಂಗಯ್ಯ. ಅದರ ಮೆಕ್ಯಾನಿಕ್ ಗಂಗಹನುಮಯ್ಯ. ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು.

ಆ ವರ್ಷ ವಿಜಯದಶಮಿಯ ದಿನ ರೇಸು. ಹಿಂದಿನ ದಿನ ಗಂಗಹನುಮಯ್ಯ ಹೊಸ ಟೈರು ಹಾಕಿ, ಹತ್ಯಾರುಗಳನ್ನೆಲ್ಲ ತೊಳೆದು ಆಯುಧಪೂಜೆಗೆ ಇಟ್ಟ. ಮಂಗಳಾರತಿ ಆದ ಮೇಲೆ ನೋಡುತ್ತಾನೆ, ಸ್ಟೇರಿಂಗ್ ರಾಡಿನ ನಟ್ಟು ಸಡಿಲ! ಪೂಜೆಗಿಟ್ಟ ಸ್ಪ್ಯಾನರ್ ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಕುಂಕುಮದ ಬೆರಳಲ್ಲೇ ಎರಡು ಸುತ್ತು ತಿರುಗಿಸಿದ. ಬೆಳಿಗ್ಗೆ ಬಂದು ಬಿಗಿದರಾಯಿತು ಎಂದುಕೊಂಡು ಹಬ್ಬದೂಟಕ್ಕೆ ತನ್ನೂರು ಬೆಳ್ಳಾವಿಯ ಬಸ್ಸು ಹತ್ತಿದ. ಯಾರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. 'ಇನ್ನೊಂದು ತಪ್ಪು ಕಂಡರೆ ಗೇಟಿನಾಚೆ' ಎಂದು ಮ್ಯಾನೇಜರ್ ಆಗಲೇ ಗದರಿಸಿದ್ದ.

ಮರುದಿನ ಬೆಳಗಿನ ಬಸ್ಸು ತಪ್ಪಿತು. ಸಂಜೆಗೆ ಸುದ್ದಿ ಬಂತು: ರೇಸಿನಲ್ಲಿ ಗಾಡಿ ಗೋಡೆಗೆ ನುಗ್ಗಿ ವೆಂಕಟರಂಗಯ್ಯ ಹೋದನಂತೆ. ಗಂಗಹನುಮಯ್ಯ ಹೆಚ್ಚಿಗೆ ಒಂದು ಮಾತು ಕೇಳಲಿಲ್ಲ. ಕೇಳುವ ಎದೆಯಾದರೂ ಎಲ್ಲಿತ್ತು? ಹೆಣ ನೋಡಲೂ ಹೋಗಲಿಲ್ಲ, ಕಾರ್ಖಾನೆಗೂ ಹೋಗಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಗ್ಯಾರೇಜು ಹಾಕಿಕೊಂಡು ಹನ್ನೊಂದು ವರ್ಷ ಊರವರ ಸ್ಕೂಟರ್ ಬಿಗಿದ. ಒಂದೊಂದು ನಟ್ಟನ್ನೂ ಮೂರು ಮೂರು ಸಲ ಬಿಗಿದ.

ಬೊಂಬಾಯಿಯ ಸಾಹುಕಾರ ನಿಜಕ್ಕೂ ಗ್ಯಾರೇಜಿಗೆ ಬಂದು ಆ ಕಾರುಗಳನ್ನು ಕೇಳಿದಾಗ, ತಾನೇ ಹುಡುಕಿಕೊಡುತ್ತೇನೆ ಎಂದ. ಬೇರೆ ಯಾರೋ ಆ ಗಾಡಿ ಬಿಚ್ಚಿ ನೋಡುವ ಮೊದಲು ತಾನು ನೋಡಬೇಕು. ಆ ನಟ್ಟನ್ನು ರೇಸಿಗೆ ಮೊದಲು ಯಾರಾದರೂ ಬಿಗಿದಿದ್ದರೋ, ಇಲ್ಲವೋ, ಅದೊಂದು ತಿಳಿದರೆ ಸಾಕು. ಒಂದನೇ ನಂಬರಿನದು ತುಮಕೂರಿನ ಗುಜರಿಯಲ್ಲಿ ತುಂಡಾಗಿ ಹೋಗಿತ್ತು. ಎರಡನೆಯದು ಗುಬ್ಬಿಯಲ್ಲಿ ಸಿಕ್ಕಿತು. ಅಲ್ಲಿನ ಗುಜರಿ ವ್ಯಾಪಾರಿ ಚೌಡಪ್ಪ ಅದರ ಎಂಜಿನ್ ಕಿತ್ತು ತೋಟಕ್ಕೆ ನೀರೆತ್ತಲು ಹಚ್ಚಿದ್ದ. ಗಾಡಿಯ ಮೂತಿ ಜಜ್ಜಿ ಅಪ್ಪಚ್ಚಿಯಾಗಿತ್ತು. ಗುಜರಿಯವರಿಗೆ ಕರುಣೆ ಎಲ್ಲಿಯದು ಎಂದು ಬೈದುಕೊಂಡು ಗಂಗಹನುಮಯ್ಯ ಅಲ್ಲಿಂದ ಹೊರಟಿದ್ದ.

ಓಬಳಮ್ಮ ಗೋಣಿತಾಟು ಸರಿಸಿದಳು. ಮೂರನೇ ನಂಬರಿನ ಗಾಡಿ ಮದುವಣಗಿತ್ತಿಯ ಹಾಗೆ ಕೂತಿತ್ತು. ಒಂದು ತಗ್ಗಿಲ್ಲ, ಒಂದು ಗೀರಿಲ್ಲ. ರಿಪೇರಿ ಮಾಡಿಸಿದ್ದಾರೆ ಪಾಪ, ಎಂದುಕೊಂಡ.

"ಪರಿಹಾರದ ಬದಲು ಕಂಪನಿಯೋರು ಇದನ್ನ ತಂದು ಬಿಟ್ರು. ಯಾರ್ನೂ ಇದರ ಕೆಳಗೆ ಬಿಟ್ಟಿಲ್ಲ ನಾನು" ಎಂದಳು ಓಬಳಮ್ಮ. "ನೀವು ಹೋಗಿ."

ಬೆನ್ನಡಿಗೆ ಗೋಣಿ ಹಾಸಿಕೊಂಡು ಒಳಗೆ ತೂರಿದ. ಬ್ಯಾಟರಿ ಬೆಳಕು ಬಿಟ್ಟ. ನಟ್ಟು ಅಲ್ಲೇ ಇತ್ತು. ಅವನು ಬಿಟ್ಟು ಹೋದ ಹಾಗೇ, ಎರಡೇ ಸುತ್ತಿನ ಮೇಲೆ ನೇತಾಡುತ್ತಿತ್ತು. ಗ್ರೀಸಿನ ಮೇಲೆ ಅವನ ಕುಂಕುಮದ ಬೆರಳಿನ ಗುರುತು ಮಾಸಲಾಗಿ ಕಂಡಿತು. ಯಾರೂ ಬಿಗಿದಿರಲಿಲ್ಲ. ಅಯ್ಯೋ ಶಿವನೇ! ಅಷ್ಟು ದಿನ ಇದ್ದ ಒಂದು ಕೂದಲೆಳೆಯ ಆಸೆಯೂ ಹೋಯಿತು.

ಹೊರಗೆ ಬಂದವನು ಏಳಲಿಲ್ಲ. ನೆಲದ ಮೇಲೇ ಕೂತು ಮುಖ ಮುಚ್ಚಿಕೊಂಡ.

"ನಾನು ಕಾಳಯ್ಯ ಅಲ್ಲ ಕಣಕ್ಕ. ಗಂಗಹನುಮಯ್ಯ. ನಿಮ್ಮೆಜಮಾನ್ರನ್ನ ಕೊಂದೋನು ನಾನೇ." ಪೂಜೆ, ಸ್ಪ್ಯಾನರ್, ಬಸ್ಸು, ಒಂದನ್ನೂ ಬಿಡದೆ ಹೇಳಿ ಬಿಕ್ಕಿದ.

ಓಬಳಮ್ಮ ಅಳಲಿಲ್ಲ, ಬೈಯಲಿಲ್ಲ.

"ಬೆರಳು ನೋಡ್ದಾಗ್ಲೇ ಗೊತ್ತಾಯ್ತು ಬುಡಿ. ಜಾಕಿಗೆ ಸಿಕ್ಕಿ ಮೊಂಡಾಗಿದ್ದು ಅಂತ ಅವ್ರು ಹೇಳ್ತಿದ್ರು. ಅಳಬೇಡಿ ಅಣ್ಣ. ಈ ಗಾಡಿ ಓಡೇ ಇಲ್ಲ. ನೀವು ಹಾಕಿದ ಹೊಸ ಟೈರಿನ ಮೇಲಿನ ರಬ್ಬರ್ ಕೂದ್ಲು ಸೈತ ಸವೆದಿಲ್ಲ, ಮುಟ್ಟಿ ನೋಡಿ. ಅವ್ರು ಹೋಗಿದ್ದು ಎರಡನೇ ನಂಬರಿನ ಗಾಡೀಲಿ. ಟೈರ್ ಸಿಡೀತು."

ಮುಟ್ಟಿ ನೋಡಿದ. ರಬ್ಬರಿನ ಎಳೆಗಳು ಬೆರಳಿಗೆ ಚುಚ್ಚಿದವು. ಗುಬ್ಬಿಯ ಜಜ್ಜಿದ ಮೂತಿ ಕಣ್ಣ ಮುಂದೆ ಬಂತು. ಹಾಗಾದರೆ ತನ್ನಿಂದಲ್ಲ! ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಹೊಟ್ಟೆ ತುಂಬ ಉಸಿರಾಡಿದಂತಾಯಿತು. ಅಳುತ್ತಲೇ ನಕ್ಕ.

"ಮತ್ತೆ ಇದನ್ನ ಬಿಟ್ಟು ಅದನ್ನ್ಯಾಕೆ ಹತ್ತಿದ್ರಕ್ಕ?"

"ರೇಸ್ ನೋಡಕ್ಕೆ ನಾನೂ ಬಂದಿದ್ದೆ. ಹೊರಡೋ ಮುಂಚೆ ಬಗ್ಗಿ ಆ ನಟ್ಟು ನೋಡ್ಬುಟ್ರು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. 'ಈಗ ಸ್ಪ್ಯಾನರ್ ಕೇಳಿದ್ರೆ ಗಂಗಹನುಮಯ್ಯನ ಕೆಲ್ಸ ಹೋಗ್ತದೆ ಕಣೇ, ಅವನೇ ಬಂದು ಬಿಗೀಲಿ' ಅಂತ ನನ್ನ ಕಿವೀಲಿ ಹೇಳಿ, ಪಕ್ಕದಲ್ಲಿ ಸುಮ್ನೆ ನಿಂತಿದ್ದ ಎರಡನೇ ನಂಬರಿನ ಗಾಡಿ ಹತ್ತಿದ್ರು."